ಹೆಸರು ಹಳೆಯದು, ಹಾಡು ಹೊಸದು



ನಮ್ಮ ತರುಣರ ಆಕ್ಷೇಪ ಒಂದೇ: ಪ್ರತಿ ರಾಜ್ಯೋತ್ಸವಕ್ಕೂ ಅವೇ ಹಾಡುಗಳು. ಹಿರಿಯರ ಕೊರಗೂ ಒಂದೇ: ಮಕ್ಕಳು ಕನ್ನಡ ಗೀತೆಯನ್ನು ಗುಜರಾತಿ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಇವೆರಡನ್ನೂ ಕುರಿತು ಯೋಚಿಸುವಾಗ ದೂರದ ಜಪಾನಿನ ನಿದರ್ಶನವೊಂದು ನನಗೆ ನೆರವಾಗಿದೆ.

ಜಪಾನೀಯರು ಸೂರ್ಯಕಾಂತಿಯನ್ನು ‘ಹಿಮಾವಾರಿ’ ಎನ್ನುತ್ತಾರೆ. ‘ಹಿ’ ಎಂದರೆ ಸೂರ್ಯ, ‘ಮಾವಾರಿ’ ಎಂದರೆ ತಿರುಗುವಿಕೆ. ನಮ್ಮ ನೆರೆಯ ತೆಲುಗಿನ ‘ಪೊದ್ದುತಿರುಗುಡು’ ಎಂಬುದರ ಅರ್ಥವೂ ಅದೇ. ಅಲ್ಲಿನ ಜನಪ್ರಿಯ ಗೀತೆಗಳಿಗೆ ಈ ಶೀರ್ಷಿಕೆ ಮತ್ತೆ ಮತ್ತೆ ಒದಗಿದೆ. ಫುಕುಯಾಮಾ ಮಸಹಾರು ರಚಿಸಿ, ಹಿರಿಯ ಗಾಯಕ ಮಾಯೆಕಾವಾ ಕಿಯೋಶಿ ಹಾಡಿದ ಗೀತೆಗೆ ಅದೇ ಹೆಸರು. 2017ರಲ್ಲಿ ಮಿಸ್ಟರ್ ಚಿಲ್ಡ್ರನ್ ತಂಡವು, ಸಾವಿನ ಸನಿಹದಲ್ಲಿರುವ ಹುಡುಗಿಯೊಬ್ಬಳ ಕಥೆಯ ಚಲನಚಿತ್ರಕ್ಕಾಗಿ ಹಾಡಿದ ಗೀತೆಗೂ, 2023ರಲ್ಲಿ ಆಡೊ ಎಂಬ ಯುವ ಗಾಯಕಿಯ ಗೀತೆಗೂ ಅದೇ ಹೆಸರು. ಮೊದಲನೆಯದನ್ನು ಹಿರಗಾನ ಲಿಪಿಯಲ್ಲಿ, ಎರಡನೆಯದನ್ನು ರೋಮನ್ ಅಕ್ಷರಗಳಲ್ಲಿ, ಮೂರನೆಯದನ್ನು ಚೀನೀ ಮೂಲದ ಅಕ್ಷರಗಳಲ್ಲಿ ಬರೆದಿದ್ದಾರೆ. ಲಿಪಿ ಬದಲಾದುದರಿಂದ ಹೂವು ಬಾಡಲಿಲ್ಲ. ಆದರೆ ಅಲ್ಲಿನ ಓದುಗರು ಮೂರನ್ನೂ ಬಲ್ಲರು; ನಮ್ಮ ಮಕ್ಕಳಿಗೆ ಆ ಆಯ್ಕೆಯಿಲ್ಲ. ಅಕ್ಷರ ಕಲಿಸುವ ಹೊಣೆ ನಮ್ಮ ಮೇಲೆ ಇದ್ದೇ ಇದೆ.

ನಮ್ಮಲ್ಲಿ ಆ ಗೌರವ ಮಲ್ಲಿಗೆಗೆ ಸಂದಿದೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರ ಕವನ ಸಂಕಲನ. 1992ರಲ್ಲಿ ಅದೇ ಹೆಸರು ನಾಗಾಭರಣರ ಚಿತ್ರವಾಗಿ ಮತ್ತೆ ಅರಳಿತು. ಸೂರ್ಯಕಾಂತಿಯಾದರೋ ಹೆಚ್ಚಾಗಿ ಹೊಲದಲ್ಲಿಯೇ ಉಳಿಯಿತು. ದೇಶದ ಮೊದಲ ಹೈಬ್ರಿಡ್ ಸೂರ್ಯಕಾಂತಿ ತಳಿಯನ್ನು 1980ರಲ್ಲಿ ನೀಡಿದುದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ರಾಯಚೂರು, ಕೊಪ್ಪಳ, ಗದಗ ಸೀಮೆಯ ರೈತರು ಅದನ್ನು ಬೆಳೆದರು. 2010ರಲ್ಲಿ ಕೆ.ಎಂ. ಚೈತನ್ಯರ ಚಿತ್ರವೊಂದು ‘ಸೂರ್ಯಕಾಂತಿ’ ಎಂಬ ಹೆಸರು ಹೊತ್ತುದುಂಟು. ಆದರೂ ನಮ್ಮ ಮನೆಗಳಲ್ಲಿ ಅದು ಇಂದಿಗೂ ಅಡುಗೆ ಎಣ್ಣೆಯ ಹೆಸರೇ.

ಹೆಸರು ಮರುಕಳಿಸಿದರೆ ಕುಂದಿಲ್ಲ. ಹಾಡು ಮಾತ್ರವೇ ಮರುಕಳಿಸುತ್ತಿದ್ದರೆ ಭಾಷೆ ಉತ್ಸವದ ಉಡುಪಾದೀತು. ಸೂರ್ಯಕಾಂತಿಯ ಎಳೆಯ ಗಿಡ ಹಗಲೆಲ್ಲ ಸೂರ್ಯನೊಡನೆ ತಿರುಗುತ್ತದೆ. ಬಲಿತು ಅರಳಿದ ಹೂವು ಪೂರ್ವಕ್ಕೆ ಮುಖಮಾಡಿ ನಿಲ್ಲುತ್ತದೆ. ಎರಡೂ ಅದರ ಸಹಜ ಧರ್ಮವೇ. ಹಿರಿಯರಾದ ನಾವು ಊರಿನತ್ತ ಮುಖಮಾಡಿ ನಿಂತವರು. ಮಕ್ಕಳು ಇಲ್ಲಿಯ ಬೆಳಕಿನೊಡನೆ ತಿರುಗುವವರು.

ಆದುದರಿಂದ ನನ್ನ ಸೂಚನೆ ಇಷ್ಟೇ. ಮುಂದಿನ ನವೆಂಬರಿಗೆ ‘ಸೂರ್ಯಕಾಂತಿ’ ಎಂಬ ಶೀರ್ಷಿಕೆಯನ್ನಷ್ಟೇ ನಾವು ಕೊಡೋಣ. ಹಾಡನ್ನು ಮಕ್ಕಳೇ ಬರೆಯಲಿ, ಕನ್ನಡ ಅಕ್ಷರಗಳಲ್ಲಿ ಬರೆಯಲಿ. ಅದರ ನಡುವೆ ‘ಸೂರಜಮುಖಿ’ ಎಂಬ ಗುಜರಾತಿ ಪದ ಬಂದರೆ, ತಿದ್ದದೆ ಕೇಳೋಣ.