ಒಂದು ರಾತ್ರಿ ಬೀದಿಗಿಳಿದ ರಾಜಕುಮಾರಿಯರು

(ಪೀಣ್ಯದಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ, ಚಲನಚಿತ್ರ ಪ್ರದರ್ಶನವಾದ ಮೇಲೆ ಮಾಡಿದ ಭಾಷಣ)



ಚಿತ್ರ ಮುಗಿದು ದೀಪ ಹತ್ತಿದೊಡನೆ ನಮ್ಮ ಹಿಂದೆ ಕುಳಿತಿದ್ದ ಗಾರ್ಮೆಂಟ್ಸ್ ಕೆಲಸದ ತಂಗಿಯೊಬ್ಬಳು ಪಕ್ಕದವಳನ್ನು ಕೇಳಿದ್ದು ನಮ್ಮ ಕಿವಿಗೆ ಬಿತ್ತು: “ರಾಜಕುಮಾರಿ ಮನೆ ಸೇರಿದಳು, ಸರಿ. ಆ ಹುಡುಗನ ಹಾಜರಿ ಏನಾಯ್ತೇ?” ಇಂದು ಏನೇನು ಹೇಳಬೇಕೆಂದು ನಾವು ಒಂದು ಚೀಟಿ ಬರೆದುಕೊಂಡು ಬಂದಿದ್ದೆವು. ಆ ಪ್ರಶ್ನೆ ಕೇಳಿದ ಮೇಲೆ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿದೆವು.

ಚಿತ್ರ ನೋಡಿ ನೀವೆಲ್ಲ ನಕ್ಕಿರಿ, ನಾವೂ ನಕ್ಕೆವು. ವಾರವಿಡೀ ಪಾಳಿ ಮಾಡಿದವರು ಭಾನುವಾರ ಎರಡು ಗಂಟೆ ನಕ್ಕರೆ ಯಾರ ಗಂಟೂ ಹೋಗುವುದಿಲ್ಲ. ಸಮಾಜವಾದಿಗಳೆಂದರೆ ಸಿನಿಮಾ ಕಂಡೊಡನೆ ಮುಖ ಗಂಟು ಹಾಕಿಕೊಳ್ಳುವವರೆಂದು ಕೆಲವರ ತಿಳಿವಳಿಕೆ. ಅಂಥವರು ನಮ್ಮಲ್ಲಿ ಇಬ್ಬರು ಮೂವರು ಇರುವುದು ನಿಜ. ಅವರು ಇಂದು ಬಂದಿಲ್ಲ.

ಪಾಳಿ ಮುಗಿಸಿ ತಡವಾಗಿ ಬಂದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ. 1945ರ ಮೇ 8. ಯೂರೋಪಿನಲ್ಲಿ ಯುದ್ಧ ಮುಗಿದ ದಿನ. ಲಂಡನ್ನಿನ ಬೀದಿಗಳಲ್ಲಿ ಜನವೋ ಜನ. ಅರಮನೆಯ ಇಬ್ಬರು ಹೆಣ್ಣುಮಕ್ಕಳು, ಎಲಿಜಬೆತ್ ಮತ್ತು ಮಾರ್ಗರೆಟ್, ತಾವೂ ಹೊರಗೆ ಹೋಗಬೇಕೆಂದು ತಂದೆತಾಯಿಯನ್ನು ಪೀಡಿಸಿ ಅಪ್ಪಣೆ ಪಡೆಯುತ್ತಾರೆ. ಕಾವಲಿನವರ ಕಣ್ಣು ತಪ್ಪಿ ಒಬ್ಬಳು ಒಂದು ದಿಕ್ಕು, ಇನ್ನೊಬ್ಬಳು ಇನ್ನೊಂದು ದಿಕ್ಕು. ಅಕ್ಕನಿಗೆ ವಿಮಾನದಳದ ಒಬ್ಬ ಹುಡುಗ ಸಿಗುತ್ತಾನೆ. ಅವನು ರಜೆ ಕೇಳದೆ ದಂಡಿನಿಂದ ಹೊರಬಿದ್ದವನು. ರಾತ್ರಿಯೆಲ್ಲ ಸುತ್ತಾಟ, ಓಡಾಟ, ಬೆಳಗ್ಗೆ ಅರಮನೆ. ‘ಎ ರಾಯಲ್ ನೈಟ್ ಔಟ್’ ಎಂದು ಹೆಸರು. 2015ರಲ್ಲಿ ಜೂಲಿಯನ್ ಜ್ಯಾರಲ್ಡ್ ಎಂಬುವರು ನಿರ್ದೇಶಿಸಿದ್ದು.

ಇದರಲ್ಲಿ ನಿಜ ಎಷ್ಟು? ಆ ರಾತ್ರಿ ರಾಜಕುಮಾರಿಯರು ಹೊರಗೆ ಬಂದದ್ದು ನಿಜ. ಅಕ್ಕನಿಗೆ 19 ವರ್ಷ, ತಂಗಿಗೆ 14. ಆದರೆ ಸುತ್ತಮುತ್ತ ಅಧಿಕಾರಿಗಳೂ ನೆಂಟರೂ ಸೇರಿ ಹದಿನಾರು ಜನರ ಗುಂಪು. ಯಾರಾದರೂ ಗುರುತು ಹಿಡಿದಾರೆಂಬ ಅಂಜಿಕೆಯಿಂದ ಅಕ್ಕ ಸಮವಸ್ತ್ರದ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳಂತೆ. ಜೊತೆಯಲ್ಲಿದ್ದ ಅಧಿಕಾರಿಯೊಬ್ಬ, ಟೋಪಿ ಸರಿಯಾಗಿ ಹಾಕದ ಅಧಿಕಾರಿಯ ಜೊತೆ ನಾನು ನಡೆಯಲಾರೆ ಎಂದುಬಿಟ್ಟ. ಪಾಪ, ಸರಿ ಮಾಡಿಕೊಳ್ಳಬೇಕಾಯಿತು. ಇದನ್ನು ಆಕೆಯೇ ನಲವತ್ತು ವರ್ಷದ ನಂತರ, 1985ರಲ್ಲಿ, ರೇಡಿಯೋದವರಿಗೆ ಹೇಳಿದ್ದು. ಇನ್ನೊಂದು ಸಂಗತಿ ಇಲ್ಲಿನ ಫಿಟ್ಟರುಗಳಿಗೆ ಹಿಡಿಸೀತು: ಯುದ್ಧದ ಕೊನೆಯ ತಿಂಗಳುಗಳಲ್ಲಿ ಆ ಹುಡುಗಿ ಸೈನ್ಯದ ಮಹಿಳಾ ವಿಭಾಗ ಸೇರಿ ಲಾರಿ ನಡೆಸುವುದನ್ನೂ ಎಂಜಿನ್ ರಿಪೇರಿಯನ್ನೂ ಕಲಿತಿದ್ದಳು. ಕೈಗೆ ಗ್ರೀಸು ಹತ್ತಿದ್ದು ಸುಳ್ಳಲ್ಲ. ಆ ಮಟ್ಟಿಗೆ ಮೆಚ್ಚಬೇಕಾದ್ದನ್ನು ಮೆಚ್ಚೋಣ. ವಿಮಾನದಳದ ಹುಡುಗ ಮಾತ್ರ ಬರೀ ಕಥೆ.

ಆ ರಾತ್ರಿ ಅಕ್ಕತಂಗಿಯರು ಅರಮನೆಯ ಮುಂದೆ ಗುಂಪಿನಲ್ಲಿ ನಿಂತು, ರಾಜನನ್ನು ಹೊರಗೆ ಕರೆಯುವ ಘೋಷಣೆಯಲ್ಲಿ ತಮ್ಮ ದನಿಯನ್ನೂ ಸೇರಿಸಿದರು. ಅಷ್ಟರಲ್ಲಿ ಒಳಕ್ಕೆ ಹೇಳಿಯೂ ಕಳಿಸಿದ್ದರು. ಸ್ವಲ್ಪ ಹೊತ್ತಿಗೆ ಅಪ್ಪ ಅಮ್ಮ ಮೇಲಿನ ಮೊಗಸಾಲೆಗೆ ಬಂದು ಕೈ ಬೀಸಿದರು. ಮನವಿ ಕೊಟ್ಟು ಮೂರು ತಿಂಗಳು ಗೇಟಿನ ಮುಂದೆ ನಿಲ್ಲುವ ನಮಗೆ ಇಷ್ಟು ಬೇಗ ಉತ್ತರ ಬರುವ ಘೋಷಣೆ ಎಲ್ಲಿ ಸಿಗುತ್ತದೋ ತಿಳಿಯದು.

ಅರಮನೆಯ ಬಾಗಿಲ ಮಾತು ಬಂದಾಗ ನಮ್ಮ ಮೈಸೂರು ನೆನಪಾಗುತ್ತದೆ. ಅದಾಗಿ ಎರಡೇ ವರ್ಷಕ್ಕೆ, 1947ರ ಸೆಪ್ಟೆಂಬರ್‌ನಲ್ಲಿ, ಜವಾಬ್ದಾರಿ ಸರ್ಕಾರ ಬೇಕೆಂದು ‘ಮೈಸೂರು ಚಲೋ’ ಹೊರಟಿತು. ವಿದ್ಯಾರ್ಥಿಗಳು, ರೈತರು, ಕೂಲಿಕಾರರು. ಸೆರೆಮನೆ ತುಂಬಿದವು, ಗುಂಡೂ ಹಾರಿತು. ಮಹಾರಾಜರು ಮೇಲೆ ನಿಂತು ಕೈ ಬೀಸಲೆಂದು ಆ ಜನ ಹೋಗಿರಲಿಲ್ಲ. ಆಡಳಿತದ ಬೀಗದ ಕೈ ಕೇಳಲು ಹೋಗಿದ್ದರು. ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಲಂಡನ್ನಿನ ಆ ಜನರೂ ಕುಣಿದು ಮನೆಗೆ ಹೋಗಿ ಸುಮ್ಮನೆ ಮಲಗಲಿಲ್ಲ. ಚಿತ್ರ ಹೇಳದೆ ಬಿಟ್ಟದ್ದು ಇದು. ಕುಣಿದದ್ದು ಮೇ ತಿಂಗಳಲ್ಲಿ. ಜುಲೈನಲ್ಲಿ ಅದೇ ಜನ ಮತ ಹಾಕಿ, ಯುದ್ಧ ಗೆದ್ದುಕೊಟ್ಟ ಚರ್ಚಿಲ್ಲರನ್ನು ಇಳಿಸಿ, ಲೇಬರ್ ಪಕ್ಷಕ್ಕೆ 393 ಸ್ಥಾನ ಕೊಟ್ಟರು. 1948ರ ಜುಲೈ 5ರಿಂದ ಆ ದೇಶದಲ್ಲಿ ಕಾಯಿಲೆ ಬಿದ್ದವನು ವೈದ್ಯರ ಮುಂದೆ ಜೇಬು ತಡಕಬೇಕಾಗಿರಲಿಲ್ಲ. ರಾಜಕುಮಾರಿಯ ಪಕ್ಕದಲ್ಲಿ ತೋಳಿಗೆ ತೋಳು ಹೆಣೆದು ನಡೆದ ಗಿರಣಿಯ ಹುಡುಗಿ, ಬಂದರಿನ ಹಮಾಲಿ, ಅಂಗಡಿಯ ಆಳು, ಇವರ ತಲೆಯಲ್ಲಿ ಆ ರಾತ್ರಿ ಏನಿತ್ತೆಂದು ಯಾರಾದರೂ ಚಿತ್ರ ತೆಗೆದಿದ್ದರೆ ನಾವು ಟಿಕೆಟ್ಟಿಗೆ ಸಾಲ ಮಾಡಿಯಾದರೂ ನೋಡುತ್ತಿದ್ದೆವು.

ಆ ಗೆಲುವಿನ ಬೆಲೆ ತೆತ್ತವರಲ್ಲಿ ನಮ್ಮವರೂ ಇದ್ದರು. ಅದೇ ಯುದ್ಧದ ನಡುವೆ, 1943ರಲ್ಲಿ, ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಇಲ್ಲಿ ವೈಟ್‌ಫೀಲ್ಡಿನ ಹಾದಿಯಲ್ಲಿ 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆಯಲ್ಲಿ ಬೆಂಗಳೂರಿನ ಕೆಲಸಗಾರರು ಯುದ್ಧದ ವಿಮಾನಗಳನ್ನು ಬಿಚ್ಚಿ ಜೋಡಿಸುತ್ತಿದ್ದರು. 1961ರಲ್ಲಿ ರಾಣಿಯಾಗಿ ಆಕೆ ಬೆಂಗಳೂರಿಗೆ ಬಂದಾಗ ಲಾಲ್‌ಬಾಗಿನಲ್ಲಿ ಗಿಡ ನೆಟ್ಟು ಹೋದರು. ಜನ ರಸ್ತೆಯ ಬದಿಯಲ್ಲಿ ನಿಂತು ನೋಡಿದರು. ಬೆರೆಯುವ ರಾತ್ರಿ ಎಂದೋ ಮುಗಿದಿತ್ತು.

ವೇಷ ಮರೆಸಿ ಜನರ ನಡುವೆ ಹೋದ ಅರಸುಮಗನ ಕಥೆ ನಮ್ಮಲ್ಲೂ ಉಂಟು. ‘ರಣಧೀರ ಕಂಠೀರವ’ ನೋಡದವರು ಈ ಸಭೆಯಲ್ಲಿ ಕಡಿಮೆ. ತಿರುಚಿನಾಪಳ್ಳಿಯಲ್ಲಿ ಜಟ್ಟಿಯೊಬ್ಬ ಕೋಟೆಯ ಬಾಗಿಲಿಗೆ ತನ್ನ ಚಲ್ಲಣ ಕಟ್ಟಿ, ಗಂಡಸಾದವನು ಇದರ ಕೆಳಗೆ ತಲೆ ಬಗ್ಗಿಸಿ ನಡೆಯಲಿ ಎಂದನಂತೆ. ಮೈಸೂರಿನ ಕಂಠೀರವ ನರಸರಾಜ ಸಾಮಾನ್ಯನಂತೆ ಹೋಗಿ ಅವನನ್ನು ಕೆಡವಿ, ಹೆಸರು ಹೇಳದೆ ಬಂದನಂತೆ. ಆಮೇಲೆ, 1638ರಲ್ಲಿ, ಅವನು ಪಟ್ಟಕ್ಕೆ ಬಂದ. ಕಥೆ ರಾಜನದೇ. ಆದರೆ ಆ ಚಿತ್ರ ತಯಾರಾದ ಬಗೆ ನಿಮಗೆಷ್ಟು ಜನಕ್ಕೆ ಗೊತ್ತೋ ಕಾಣೆವು.

ಆಗ ಕನ್ನಡ ಚಿತ್ರಗಳು ಬೆರಳೆಣಿಕೆ. ಹೆಚ್ಚಿನ ಸ್ಟುಡಿಯೋಗಳು ಮದರಾಸಿನಲ್ಲಿ. ಕಲಾವಿದರಿಗೆ ಕೆಲಸವಿಲ್ಲ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್, ಈ ನಾಲ್ವರು ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರು ಸುತ್ತಿ ನಾಟಕವಾಡಿ ಹಣ ಕೂಡಿಸಿದರು. ಆ ದುಡ್ಡಿನಲ್ಲಿ 1960ರಲ್ಲಿ ಹೊರಬಂದದ್ದು ‘ರಣಧೀರ ಕಂಠೀರವ’. ಕಿವಿ ಮಂದವಾಗಿದ್ದ ಬಾಲಕೃಷ್ಣ, ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ್ದ ಗಾಜನೂರಿನ ಮುತ್ತುರಾಜ. ಕೆಲಸವಿಲ್ಲದ ಕೆಲಸಗಾರರು ಸಂಘ ಕಟ್ಟಿ ಬಂಡವಾಳ ತಾವೇ ಹೂಡಿದ್ದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ಬೇಕೆ? ಆ ಮುತ್ತುರಾಜ ಮುಂದೆ ಎಷ್ಟು ಸಲ ಕಿರೀಟ ಇಟ್ಟರೋ! ಈಗ ಇಲ್ಲಿಂದ ಸ್ವಲ್ಪ ದೂರದಲ್ಲಿ, ರಿಂಗ್ ರೋಡಿನ ಕಂಠೀರವ ಸ್ಟುಡಿಯೋದ ಆವರಣದಲ್ಲಿ, 2006ರಿಂದ ಅವರ ಸಮಾಧಿ. ಲೇತ್ ಕೆಲಸದ ಹುಡುಗರು ಭಾನುವಾರ ಅಲ್ಲಿಗೆ ಹೋಗಿ ಕೈಮುಗಿಯುವುದನ್ನು ನಾವು ಕಂಡಿದ್ದೇವೆ. ಅದು ಅರಸನಿಗೆ ಮುಗಿದ ಕೈಯಲ್ಲ ಎಂದು ನಮಗನ್ನಿಸುತ್ತದೆ.

ಇನ್ನು ಪೀಣ್ಯದ ರಾಜಕುಮಾರರ ಮಾತು. ಕಾರ್ಖಾನೆಯ ಹೆಸರು ಬೇಡ, ನಿಮಗೆ ಬೇಕಾದ್ದನ್ನು ಹಾಕಿಕೊಳ್ಳಿ. ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ, ಬಾಳೆಕಂದು, ಗೇಟಿನಲ್ಲಿ ಬೂದುಗುಂಬಳಕಾಯಿ. ಮಾಲೀಕರ ಮಗ ಜರಿ ಪಂಚೆ ಉಟ್ಟು ಬರುತ್ತಾರೆ. ಎಲ್ಲರ ಸಾಲಿನಲ್ಲಿ ಎಲೆಯ ಮುಂದೆ ಕೂರುತ್ತಾರೆ, ತಾವೇ ಒಂದು ಸುತ್ತು ಬಡಿಸುತ್ತಾರೆ, ನಾವೆಲ್ಲ ಒಂದೇ ಮನೆಯವರು ಎನ್ನುತ್ತಾರೆ. ಹುಡುಗ ಒಳ್ಳೆಯವನೇ, ನಗು ಕಪಟದ್ದೂ ಅಲ್ಲ. ಆದರೆ ಮೂರನೆಯ ದಿನ ಕಂಟ್ರಾಕ್ಟ್ ಹುಡುಗ ಇ.ಎಸ್.ಐ. ಚೀಟಿ ಕೇಳಿದರೆ, ಕಂಟ್ರಾಕ್ಟರನನ್ನು ಕೇಳು ಎಂಬ ಉತ್ತರ. ಒಂದೇ ಮನೆಯವರಿಗೆ ನಡುವೆ ಕಂಟ್ರಾಕ್ಟರ್ ಯಾಕೆ ಬೇಕು? (ಇಲ್ಲಿ ಎಷ್ಟೋ ಸಣ್ಣ ಶೆಡ್ಡುಗಳ ಮಾಲೀಕರು ತಾವೇ ಲೇತ್ ಮುಂದೆ ನಿಂತು ದುಡಿಯುವವರು. ದೊಡ್ಡ ಕಂಪನಿಯಿಂದ ಬಿಲ್ಲಿನ ಹಣ ಬಾರದೆ ಅವರೂ ಒದ್ದಾಡುತ್ತಾರೆ. ಈ ಮಾತು ಅವರಿಗಲ್ಲ.)

ಹಿಂದೆ ಹಬ್ಬದ ಹಣವೂ ಹೀಗೆಯೇ ಇತ್ತು: ಒಡೆಯನ ಮನಸ್ಸಿಗೆ ಬಂದರೆ ಇನಾಮು, ಬಾರದಿದ್ದರೆ ಕಡಲೆಪುರಿ. ಗಿರಣಿಗಳಲ್ಲಿ ವರ್ಷಾನುಗಟ್ಟಲೆ ಹೋರಾಟ ನಡೆದ ಮೇಲೆ 1965ರಲ್ಲಿ ಬೋನಸ್ ಕಾಯಿದೆ ಬಂತು. ಕನಿಷ್ಠ ಬೋನಸ್ ಮುಂದೆ ನೂರಕ್ಕೆ 8.33 ಎಂದು ನಿಂತಿತು. ಆ ಲೆಕ್ಕದ ಹಣ ಯಾರೂ ಜರಿ ಪಂಚೆ ಉಟ್ಟು ಬಡಿಸಬೇಕಾದ್ದಲ್ಲ. ಕೊಡದಿದ್ದರೆ ಕೇಳಿ ಪಡೆಯಬೇಕಾದ್ದು.

ಈಗ ಆ ತಂಗಿಯ ಪ್ರಶ್ನೆ. ರಾಜಕುಮಾರಿ ತಾನೇ ಗಾಡಿ ನಡೆಸಿ ಹುಡುಗನನ್ನು ದಂಡಿಗೆ ಬಿಟ್ಟು ಬಂದಳು. ಅವಳು ಒಳಗೆ ಹೋದರೆ ತಿಂಡಿ ಕಾದಿದೆ, ಹೆಚ್ಚೆಂದರೆ ಅಮ್ಮನ ಬೈಗುಳ. ಅವನಿಗೆ ಅಧಿಕಾರಿ ಕಾದಿದ್ದಾನೆ. ನಮ್ಮಲ್ಲಿ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹಿಡಿಯುವ ಗೇಟುಗಳಿವೆ. ಪರದೆಯ ಮೇಲೆ ಎಲ್ಲರೂ ಪ್ರೇಮವನ್ನು ನೋಡುತ್ತಿದ್ದಾಗ ಆಕೆ ಹಾಜರಿ ಪುಸ್ತಕವನ್ನು ಕಂಡಳು. ತಂಗೀ, ನಿನ್ನ ಪ್ರಶ್ನೆಗೆ ಉತ್ತರ ನಮ್ಮ ಬಳಿ ಇಲ್ಲ. ಸಂಬಳ ಹಿಡಿದದ್ದರ ಲೆಕ್ಕ ಬರೆದಿಟ್ಟಿದ್ದರೆ ತೆಗೆದುಕೊಂಡು ಬಾ.

ಬರುವ ಭಾನುವಾರ ಸಂಜೆ ಇದೇ ಗೋಡೆಯ ಮೇಲೆ ‘ರಣಧೀರ ಕಂಠೀರವ’. ಮಕ್ಕಳನ್ನು ಕರೆತನ್ನಿ, ಚಾಪೆ ನೀವೇ ತರಬೇಕು. ಚಹಾ ಅಂಗಡಿಯವರು ಗಾಡಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿದರೆ ಉಪಕಾರ. ಕಳೆದ ವರ್ಷದ ಬೋನಸ್ ಕೈಸೇರದವರು ಸಂಬಳದ ಚೀಟಿಗಳೊಂದಿಗೆ ಒಂದು ಗಂಟೆ ಮುಂಚೆ ಬನ್ನಿ. ಚಿತ್ರ ಶುರುವಾದ ಮೇಲೆ ನಾವೂ ಎದ್ದು ಬರುವುದಿಲ್ಲ.