ಸರದಿಯ ರಾಜಕಾರಣ: ಷೇರುಪೇಟೆ, ಜಾಹೀರಾತು ಹರಾಜು ಮತ್ತು ಯಂತ್ರಗಳ ಸಮಾಜಶಾಸ್ತ್ರ



ಸಮಾಜವಿಜ್ಞಾನದ ಹೊಸ ವಿಚಾರಗಳು ಕನ್ನಡದಲ್ಲಿ ಚರ್ಚೆಯಾಗಬೇಕೆಂಬುದು ಈ ಉಪನ್ಯಾಸವನ್ನು ಏರ್ಪಡಿಸಿರುವ ದತ್ತಿಯ ಆಶಯ. ಷೇರುಪೇಟೆ ಅರ್ಥಶಾಸ್ತ್ರದವರ ಪಾಲು, ಕಂಪ್ಯೂಟರು ಎಂಜಿನಿಯರುಗಳ ಪಾಲು ಎಂದು ನಾವು ಹಂಚಿಕೊಟ್ಟು ಸುಮ್ಮನಿದ್ದೇವೆ. ಇವೆರಡೂ ಕೂಡುವ ಜಾಗದಲ್ಲಿ ಸಮಾಜಶಾಸ್ತ್ರ ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ. ಅವುಗಳಲ್ಲಿ ಒಂದನ್ನು ಮಾತ್ರ ಇಂದು ಎತ್ತಿಕೊಳ್ಳುತ್ತೇನೆ: ಮಾರುಕಟ್ಟೆಯ ಸರದಿಯಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ತೀರ್ಮಾನಿಸುವವರು ಯಾರು?

1. ಕಟ್ಟಿದ ಮಾರುಕಟ್ಟೆ

ಫ್ರಾನ್ಸಿನ ಸೊಲೋನ್ ಸೀಮೆಯಲ್ಲಿ 1981ರಲ್ಲಿ ಸ್ಟ್ರಾಬೆರಿ ಹಣ್ಣಿಗೆ ಒಂದು ಹೊಸ ಹರಾಜು ಕೇಂದ್ರ ಶುರುವಾಯಿತು. ಅದುವರೆಗೆ ಬೆಳೆಗಾರರು ತಮಗೆ ಪರಿಚಯದ ವರ್ತಕರಿಗೇ ಹಣ್ಣು ಮಾರುತ್ತಿದ್ದರು. ಹೊಸ ಕಟ್ಟಡದಲ್ಲಿ ಕೊಳ್ಳುವವರು ಒಂದು ಕಡೆ, ಮಾರುವವರು ಇನ್ನೊಂದು ಕಡೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ಎಲ್ಲರಿಗೂ ಕಾಣುವುದು ವಿದ್ಯುತ್ ಫಲಕದ ಮೇಲೆ ಇಳಿಯುತ್ತಾ ಹೋಗುವ ಬೆಲೆ ಮಾತ್ರ. ಪಠ್ಯಪುಸ್ತಕ ವರ್ಣಿಸುವ ‘ಪರಿಪೂರ್ಣ ಪೈಪೋಟಿ’ ಅಲ್ಲಿ ನಿಜವಾಗಿಯೂ ನಡೆಯುತ್ತಿತ್ತು. ಇದನ್ನು ಅಧ್ಯಯನ ಮಾಡಿದ ಮರಿ-ಫ್ರಾನ್ಸ್ ಗಾರ್ಸಿಯಾ ಕಂಡುಕೊಂಡದ್ದು ಸರಳ ಸಂಗತಿ: ಆ ಪೈಪೋಟಿ ತಾನಾಗಿ ಹುಟ್ಟಿದ್ದಲ್ಲ. ಅರ್ಥಶಾಸ್ತ್ರ ಓದಿದ ಒಬ್ಬ ಯುವ ಸಲಹೆಗಾರ ಮತ್ತು ಹಳೆಯ ವರ್ತಕರ ಹಿಡಿತದಿಂದ ಬೇಸತ್ತ ಕೆಲವು ಬೆಳೆಗಾರರು ಸೇರಿ ಅದನ್ನು ಗೋಡೆ, ಫಲಕ, ನಿಯಮಗಳಿಂದ ಕಟ್ಟಿದ್ದರು.

ಈ ಅಧ್ಯಯನವನ್ನು ಫ್ರೆಂಚ್ ಸಮಾಜಶಾಸ್ತ್ರಜ್ಞ ಮಿಷೆಲ್ ಕಲ್ಲೋನ್ 1998ರಲ್ಲಿ ಒಂದು ದೊಡ್ಡ ವಾದಕ್ಕೆ ಆಧಾರ ಮಾಡಿಕೊಂಡರು. ಅರ್ಥಶಾಸ್ತ್ರ ಮಾರುಕಟ್ಟೆಯನ್ನು ವರ್ಣಿಸುವುದರ ಜೊತೆಗೆ ಅದನ್ನು ರೂಪಿಸುತ್ತಲೂ ಇರುತ್ತದೆ ಎಂಬುದು ಅವರ ವಾದ. ಇದನ್ನು ಹಣಕಾಸು ಪೇಟೆಯ ಒಳಗೆ ಹೊಕ್ಕು ಪರೀಕ್ಷಿಸಿದವರು ಎಡಿನ್‌ಬರೊ ವಿಶ್ವವಿದ್ಯಾಲಯದ ಡೊನಾಲ್ಡ್ ಮೆಕೆಂಝಿ. ಅಣ್ವಸ್ತ್ರ ಕ್ಷಿಪಣಿಗಳ ‘ನಿಖರತೆ’ಯ ಹಿಂದೆ ಎಂಥ ಸಾಂಸ್ಥಿಕ ಜಗ್ಗಾಟ ಇರುತ್ತದೆ ಎಂದು 1990ರಲ್ಲಿ ಪುಸ್ತಕ ಬರೆದವರು ಅವರು. ಅದೇ ಕಣ್ಣಿನಿಂದ ಆಮೇಲೆ ಷೇರುಪೇಟೆಯನ್ನೂ ಜಾಹೀರಾತನ್ನೂ ನೋಡಿದರು.

2. ಪೇಟೆಯನ್ನು ತಿದ್ದಿದ ಸೂತ್ರ

1973ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಆಪ್ಷನ್‌ಗಳಿಗೆಂದೇ, ಅಂದರೆ ಗೊತ್ತುಪಡಿಸಿದ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕು ಕೊಡುವ ಕರಾರುಗಳಿಗೆಂದೇ, ಒಂದು ವಿನಿಮಯ ಕೇಂದ್ರ ತೆರೆಯಿತು. ಅದೇ ವರ್ಷ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಆಪ್ಷನ್‌ನ ಬೆಲೆ ಕಟ್ಟುವ ಸೂತ್ರವನ್ನು ಪ್ರಕಟಿಸಿದರು. ಮೊದಲ ದಿನಗಳಲ್ಲಿ ಪೇಟೆಯ ಬೆಲೆಗೂ ಸೂತ್ರದ ಬೆಲೆಗೂ ಅಷ್ಟಾಗಿ ತಾಳೆಯಾಗುತ್ತಿರಲಿಲ್ಲ. ಬ್ಲ್ಯಾಕ್ ಸೂತ್ರದ ಪ್ರಕಾರ ಲೆಕ್ಕ ಹಾಕಿದ ಬೆಲೆಗಳ ಹಾಳೆಗಳನ್ನು ಚಂದಾದಾರರಿಗೆ ಮಾರುತ್ತಿದ್ದರು. ವ್ಯಾಪಾರಿಗಳು ಆ ಹಾಳೆಗಳನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು ಕಣಕ್ಕಿಳಿದರು. ಸೂತ್ರಕ್ಕಿಂತ ಅಗ್ಗವಾದದ್ದನ್ನು ಕೊಂಡರು, ದುಬಾರಿಯಾದದ್ದನ್ನು ಮಾರಿದರು. ಬರಬರುತ್ತಾ ಪೇಟೆಯೇ ಸೂತ್ರದ ಹತ್ತಿರಕ್ಕೆ ಬಂತು.

ಈ ಹೊಂದಾಣಿಕೆ ಶಾಶ್ವತವಾಗಲಿಲ್ಲ. 1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ ಶೇ. 22.6ರಷ್ಟು ಕುಸಿಯಿತು. ಅದೇ ಸಿದ್ಧಾಂತದ ಮೇಲೆ ನಿಂತ ‘ಪೋರ್ಟ್‌ಫೋಲಿಯೊ ವಿಮೆ’ ಎಂಬ ಪದ್ಧತಿ, ಬೆಲೆ ಇಳಿದಂತೆಲ್ಲ ಇನ್ನಷ್ಟು ಮಾರು ಎಂದು ಹೇಳುತ್ತಾ ಆ ಕುಸಿತಕ್ಕೆ ನೂಕುಬಲ ಕೊಟ್ಟಿತು. ಅಂದಿನಿಂದ ಆಪ್ಷನ್ ಬೆಲೆಗಳು ಮೂಲ ಸೂತ್ರದಿಂದ ಸ್ಪಷ್ಟವಾಗಿ ದೂರ ಸರಿದಿವೆ. 2006ರ ಪುಸ್ತಕದಲ್ಲಿ ಮೆಕೆಂಝಿ ಇದರಿಂದ ತೆಗೆದ ತೀರ್ಮಾನ: ಹಣಕಾಸಿನ ಸಿದ್ಧಾಂತ ದೂರ ನಿಂತು ಚಿತ್ರ ತೆಗೆಯುವ ಕ್ಯಾಮೆರಾ ಅಲ್ಲ, ಪೇಟೆಯೊಳಗೇ ಓಡುವ ಎಂಜಿನ್.

3. ಷಿಕಾಗೋದಿಂದ ನ್ಯೂಜೆರ್ಸಿಗೆ

ಇಂದಿನ ಷೇರುಪೇಟೆಯಲ್ಲಿ ಕೂಗಾಟದ ಕಣ ಬಹುಮಟ್ಟಿಗೆ ಉಳಿದಿಲ್ಲ. ನಾಸ್ಡ್ಯಾಕ್‌ನ ಯಂತ್ರಗಳು ನ್ಯೂಜೆರ್ಸಿಯ ಕಾರ್ಟೆರೆಟ್‌ನಲ್ಲಿವೆ, ನ್ಯೂಯಾರ್ಕ್ ಷೇರುಪೇಟೆಯವು ಮಾವಾದಲ್ಲಿ. ಷಿಕಾಗೋದ ಫ್ಯೂಚರ್ಸ್ (ಮುಂದಿನ ದಿನಾಂಕದ ವಹಿವಾಟಿಗೆ ಈಗಲೇ ಬೆಲೆ ಗೊತ್ತುಮಾಡುವ ಕರಾರು) ವ್ಯಾಪಾರ ನಡೆಯುವುದು ಅದರ ಹೊರವಲಯದ ಅರೋರಾದ ಡೇಟಾ ಸೆಂಟರಿನಲ್ಲಿ. ಸೂಚ್ಯಂಕದ ಫ್ಯೂಚರ್ಸ್ ಬೆಲೆ ಅರೋರಾದಲ್ಲಿ ಮೊದಲು ಅಲುಗುತ್ತದೆ, ಕ್ಷಣಾರ್ಧದಲ್ಲಿ ನ್ಯೂಜೆರ್ಸಿಯ ಷೇರುಗಳು ಅದನ್ನು ಹಿಂಬಾಲಿಸುತ್ತವೆ. ನಡುವಿನ ಅಂತರ ಸುಮಾರು 1,200 ಕಿಲೋಮೀಟರ್. ಸುದ್ದಿಯನ್ನು ಮೊದಲು ಮುಟ್ಟಿಸಿದವರಿಗೆ ಲಾಭ.

2010ರಲ್ಲಿ ಸ್ಪ್ರೆಡ್ ನೆಟ್‌ವರ್ಕ್ಸ್ ಎಂಬ ಕಂಪನಿ ಆದಷ್ಟು ನೇರ ದಾರಿಯಲ್ಲಿ ನೆಲ ಅಗೆದು ಕೇಬಲ್ ಹಾಕಿತು. ಸಂದೇಶ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಸುಮಾರು ಆರೂವರೆ ಮಿಲಿಸೆಕೆಂಡ್ ಸಾಕಾಯಿತು. ಆದರೆ ಗಾಜಿನ ತಂತುವಿನಲ್ಲಿ ಬೆಳಕು ತನ್ನ ಪೂರ್ಣ ವೇಗದ ಮೂರನೇ ಎರಡರಷ್ಟು ಮಾತ್ರ ಸಾಗುತ್ತದೆ. ಗಾಳಿಯಲ್ಲಿ ಆ ತಡೆ ಇಲ್ಲ. ಕೆಲವೇ ವರ್ಷಗಳಲ್ಲಿ ಮೈಕ್ರೋವೇವ್ ಗೋಪುರಗಳ ಸಾಲು ಎದ್ದು ಅದೇ ದೂರವನ್ನು ನಾಲ್ಕು ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಸಿತು. ಜೋರು ಮಳೆ ಬಂದರೆ ಆ ಕೊಂಡಿ ತುಂಡಾಗುತ್ತದೆ, ನೆಲದ ಕೇಬಲ್ಲಿಗೆ ಮತ್ತೆ ಬೆಲೆ ಬರುತ್ತದೆ.

ಇಲ್ಲಿಯವರೆಗಿನದು ಭೌತವಿಜ್ಞಾನ. ಸಮಾಜಶಾಸ್ತ್ರಜ್ಞ ಇನ್ನೂ ಒಂದು ಪ್ರಶ್ನೆ ಕೇಳಬೇಕು: ಒಂದೇ ದೇಶದ ಷೇರುಗಳು ಒಂದು ಕಡೆ, ಅವುಗಳ ಫ್ಯೂಚರ್ಸ್ ಇನ್ನೊಂದು ಕಡೆ ಏಕೆ? ಮೆಕೆಂಝಿಯ ಉತ್ತರ ನಮ್ಮನ್ನು ಅಮೆರಿಕದ ಸಂಸತ್ತಿಗೆ ಕರೆದೊಯ್ಯುತ್ತದೆ. ಷಿಕಾಗೋದ ಫ್ಯೂಚರ್ಸ್ ವಿನಿಮಯ ಕೇಂದ್ರದ ಮೂಲ 1898ರ ಬೆಣ್ಣೆ–ಮೊಟ್ಟೆ ಮಂಡಳಿ. ಫ್ಯೂಚರ್ಸ್ ಎಂದರೆ ಧಾನ್ಯ, ಜಾನುವಾರುಗಳ ವ್ಯಾಪಾರ ಎಂಬ ಕಾರಣಕ್ಕೆ ಅದರ ಉಸ್ತುವಾರಿ ಸಂಸತ್ತಿನ ಕೃಷಿ ಸಮಿತಿಗಳ ಕೈಯಲ್ಲಿತ್ತು, ನಿಯಂತ್ರಕ ಆಯೋಗವೂ ಬೇರೆ. 1982ರಲ್ಲಿ ಷಿಕಾಗೋ ಷೇರು ಸೂಚ್ಯಂಕದ ಫ್ಯೂಚರ್ಸ್ ಶುರು ಮಾಡಿದಾಗಲೂ ಎರಡು ನಿಯಂತ್ರಕರ ನಡುವಿನ ಒಪ್ಪಂದ ಅದನ್ನು ಫ್ಯೂಚರ್ಸ್ ಆಯೋಗದ ಪಾಲಿಗೇ ಬಿಟ್ಟಿತು. ಗಡಿ ಉಳಿಯಿತು, ಊರುಗಳೂ ಬೇರೆಯಾಗಿ ಉಳಿದವು. ಮೈಕ್ರೋವೇವ್ ಗೋಪುರಗಳು ಓಡುತ್ತಿರುವ ಓಟದ ಹಾದಿಯನ್ನು ಹಾಕಿದ್ದು ಆ ಹಳೆಯ ಒಪ್ಪಂದ.

4. ಮುಂಬೈನ ಸರದಿ

ನಮ್ಮ ರಾಷ್ಟ್ರೀಯ ಷೇರುಪೇಟೆ 1994ರಲ್ಲಿ ಉಪಗ್ರಹ ಸಂಪರ್ಕದ ಪರದೆಗಳೊಂದಿಗೆ ಆರಂಭವಾಯಿತು. ಮುಂಬೈನ ಕಣದಲ್ಲಿ ನಿಲ್ಲಲಾಗದ ದೂರದೂರಿನ ದಲ್ಲಾಳಿಗೂ ಅದು ಬಾಗಿಲು ತೆರೆಯಿತು. ಬೆಲೆ ಒಂದೇ ಆದರೆ ಮೊದಲು ಬಂದ ಆರ್ಡರಿಗೆ ಮೊದಲ ಸರದಿ ಎಂಬ ನಿಯಮ ಎಲ್ಲರಿಗೂ ಸಮಾನವಾಗಿ ಕಾಣುತ್ತಿತ್ತು. 2010ರ ಹೊತ್ತಿಗೆ ಕೋ-ಲೊಕೇಶನ್ ಬಂತು: ಬಾಡಿಗೆ ಕೊಟ್ಟವರು ತಮ್ಮ ಸರ್ವರನ್ನು ಷೇರುಪೇಟೆಯ ಆವರಣದೊಳಗೇ ಇಡಬಹುದು. ಆಗ ಬೆಲೆಯ ಮಾಹಿತಿ ಒಬ್ಬರಾದ ಮೇಲೆ ಒಬ್ಬರಿಗೆ ಸಾಲಾಗಿ ಹೋಗುತ್ತಿತ್ತು. ಬೆಳಗ್ಗೆ ಮೊದಲು ಸಂಪರ್ಕ ಪಡೆದವರಿಗೆ ಅದು ಮೊದಲು ತಲುಪುವ ಸಾಧ್ಯತೆಯಿತ್ತು. 2015ರಲ್ಲಿ ಈ ಬಗ್ಗೆ ಹೆಸರಿಲ್ಲದ ದೂರೊಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಗೆ ಹೋಯಿತು. 2019ರ ಏಪ್ರಿಲ್‌ನಲ್ಲಿ ಸೆಬಿ ದೊಡ್ಡ ಮೊತ್ತ ಕಟ್ಟುವಂತೆ ಷೇರುಪೇಟೆಗೆ ಆದೇಶಿಸಿತು. 2023ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ವಸೂಲಿ ಆದೇಶವನ್ನು ರದ್ದುಪಡಿಸಿತು. ಕಾನೂನಿನ ಸರಿತಪ್ಪು ಏನೇ ಇರಲಿ, ದತ್ತಾಂಶ ಕಳಿಸುವ ಒಂದು ತಾಂತ್ರಿಕ ವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿತು ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಎಲ್ಲರಿಗೂ ಏಕಕಾಲಕ್ಕೆ ಕಳಿಸುವ ವಿಧಾನವೂ ಲಭ್ಯವಿತ್ತು, ಷೇರುಪೇಟೆ ಆಮೇಲೆ ಅದಕ್ಕೇ ಹೋಯಿತು.

ಸರದಿಯ ಹಿಂಬದಿಯಲ್ಲಿ ಇರುವವರು ಯಾರು? ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್–ಆಪ್ಷನ್ ವ್ಯಾಪಾರಕ್ಕೆ ಇಳಿದ ಬಿಡಿ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. 2023–24ರಲ್ಲಿ ವಿದೇಶಿ ಹೂಡಿಕೆದಾರರ ಲಾಭದ ಶೇ. 97 ಮತ್ತು ಸ್ವಂತ ಹಣದಲ್ಲಿ ವ್ಯಾಪಾರ ಮಾಡುವ ಸಂಸ್ಥೆಗಳ ಲಾಭದ ಶೇ. 96 ಅಲ್ಗಾರಿದಂ ವ್ಯಾಪಾರದಿಂದ ಬಂದದ್ದು. ಮೊಬೈಲ್ ಆ್ಯಪ್ ಹಿಡಿದು ಪೇಟೆಗೆ ಬಂದ ಹುಡುಗನಿಗೆ ಎದುರಿಗಿರುವುದು ಇನ್ನೊಬ್ಬ ಹುಡುಗನಲ್ಲ ಎಂದು ಆ್ಯಪ್ ಹೇಳುವುದಿಲ್ಲ.

5. ಪುಟ ತೆರೆಯುವ ಮುನ್ನ

ಈಗ ಜಾಹೀರಾತಿಗೆ ಬರೋಣ. ನೀವು ಒಂದು ಸುದ್ದಿತಾಣವನ್ನು ತೆರೆದಾಗ, ಪುಟ ಪೂರ್ತಿ ಮೂಡುವ ಮೊದಲೇ, ಅಲ್ಲಿನ ಖಾಲಿ ಜಾಗಕ್ಕೆ ಒಂದು ಹರಾಜು ಮುಗಿದಿರುತ್ತದೆ. ಅದಕ್ಕೆ ಸಿಗುವ ಸಮಯ ಸುಮಾರು ನೂರು ಮಿಲಿಸೆಕೆಂಡ್. ಹರಾಜಿಗಿಡುವುದು ಜಾಗದ ಜೊತೆಗೆ ನಿಮ್ಮ ಬಗೆಗಿನ ಊಹೆಯನ್ನು ಕೂಡ. ಈ ಊಹೆಗೆ ಬಹುಕಾಲ ಆಧಾರವಾಗಿದ್ದ ಕುಕಿ, 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ರೂಪಿಸಿದ ಸಣ್ಣ ಉಪಾಯ. ಬಂದವರು ಯಾರೆಂದು ತಾಣಕ್ಕೆ ನೆನಪಿರಲಿ ಎಂಬುದಷ್ಟೇ ಅದರ ಮೊದಲ ಉದ್ದೇಶ.

ಈ ಪೇಟೆಯಲ್ಲೂ ಸರದಿಯ ಪ್ರಶ್ನೆ ಇದೆ, ಇನ್ನಷ್ಟು ಮುಚ್ಚಿದ ರೂಪದಲ್ಲಿ. 2008ರಲ್ಲಿ ಡಬಲ್‌ಕ್ಲಿಕ್ ಕಂಪನಿಯ ಖರೀದಿ ಮುಗಿಸಿದ ಗೂಗಲ್, ಪ್ರಕಾಶಕರ ಜಾಗವನ್ನು ನಿರ್ವಹಿಸುವ ತಂತ್ರಾಂಶ, ಹರಾಜಿನ ಕಟ್ಟೆ, ಜಾಹೀರಾತುದಾರರ ಪರವಾಗಿ ಬಿಡ್ ಮಾಡುವ ಸಾಧನ, ಈ ಮೂರನ್ನೂ ನಡೆಸತೊಡಗಿತು. ದೊಡ್ಡ ಬ್ಯಾಂಕೊಂದು ಷೇರುಪೇಟೆಯನ್ನೇ ಹೊಂದಿದ್ದಂತೆ ಇದು ಎಂಬ ಹೋಲಿಕೆಯನ್ನು ಆ ಕಂಪನಿಯ ಉದ್ಯೋಗಿಯೊಬ್ಬರೇ ಬರೆದದ್ದು ಅಮೆರಿಕ ಸರ್ಕಾರದ ಮೊಕದ್ದಮೆಯಲ್ಲಿ ಬೆಳಕಿಗೆ ಬಂತು. ಉಳಿದವರ ಬಿಡ್ ಬಂದ ಮೇಲೆ, ಅದನ್ನು ನೋಡಿ ಮೀರಿಸುವ ‘ಕೊನೆಯ ನೋಟ’ದ ಅವಕಾಶ ಗೂಗಲ್‌ನ ಹರಾಜುಕಟ್ಟೆಗೆ ಕೆಲಕಾಲ ಇತ್ತು. 2019ರಲ್ಲಿ, ಗೆದ್ದವರು ಎರಡನೇ ಅತಿ ಹೆಚ್ಚಿನ ಬಿಡ್‌ನ ಮಟ್ಟದ ಬೆಲೆ ಕೊಡುವ ‘ಎರಡನೇ ಬೆಲೆಯ ಹರಾಜು’ ಹೋಗಿ, ಗೆದ್ದವರು ತಾವು ಕೂಗಿದ್ದನ್ನೇ ಕೊಡುವ ಪದ್ಧತಿ ಬಂದಾಗ ಅದು ಕೊನೆಗೊಂಡಿತು. 2025ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ಇಂಥ ಕ್ರಮಗಳನ್ನು ಪರಿಶೀಲಿಸಿ, ಗೂಗಲ್ ಎರಡು ಜಾಹೀರಾತು ಮಾರುಕಟ್ಟೆಗಳಲ್ಲಿ ಕಾನೂನುಬಾಹಿರ ಏಕಸ್ವಾಮ್ಯ ಹೊಂದಿದೆ ಎಂದು ತೀರ್ಪಿತ್ತಿತು. ಭಾರತದಲ್ಲಿ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗ 2022ರ ಜನವರಿಯಲ್ಲೇ ತನಿಖೆಗೆ ಆದೇಶಿಸಿತ್ತು. ಕನ್ನಡದ ಸುದ್ದಿತಾಣಗಳೂ ಬದುಕುವುದು ಇಂಥ ಹರಾಜುಗಳ ಮೇಲೆಯೇ.

ಷೇರುಪೇಟೆಗೂ ಜಾಹೀರಾತಿಗೂ ಒಂದು ವ್ಯತ್ಯಾಸವಿದೆ. ಷೇರುಪೇಟೆಗೆ ಸೆಬಿಯಂಥ ಕಾವಲು ಇದೆ, ಆರ್ಡರುಗಳ ದಾಖಲೆ ಇದೆ. ಜಾಹೀರಾತು ಹರಾಜಿನ ನಿಯಮವನ್ನು ಕಂಪನಿ ಬರೆಯುತ್ತದೆ, ಬದಲಿಸುತ್ತದೆ. ಪ್ರಕಾಶಕನಿಗೆ ಅದು ತಿಳಿಯುವುದು ಆದಾಯದ ಏರಿಳಿತದಲ್ಲಿ.

6. ಸರದಿ ಇಲ್ಲದ ಹರಾಜು

ಇದೆಲ್ಲ ತಂತ್ರಜ್ಞಾನದ ಸಹಜ ಬೆಳವಣಿಗೆ, ತಡೆಯಲಾಗದು ಎನ್ನುವವರಿದ್ದಾರೆ. ತಡೆದ ಉದಾಹರಣೆ ಅಮೆರಿಕದಲ್ಲೇ ಇದೆ. ಐಇಎಕ್ಸ್ ಎಂಬ ಷೇರುಪೇಟೆ ಸುಮಾರು 60 ಕಿಲೋಮೀಟರ್ ಕೇಬಲನ್ನು ಸುರುಳಿ ಸುತ್ತಿಟ್ಟು ಪ್ರತಿ ಆರ್ಡರನ್ನೂ 350 ಮೈಕ್ರೋಸೆಕೆಂಡ್ ತಡ ಮಾಡುತ್ತದೆ. 2016ರಲ್ಲಿ ಅದಕ್ಕೆ ಅಧಿಕೃತ ಮಾನ್ಯತೆಯೂ ಸಿಕ್ಕಿತು. ಅದಕ್ಕೂ ಮುಂದೆ ಹೋಗಿ ಎರಿಕ್ ಬುಡಿಶ್, ಪೀಟರ್ ಕ್ರ್ಯಾಮ್ಟನ್, ಜಾನ್ ಶಿಮ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಹೇಳಿದ್ದು: ನಿರಂತರ ವ್ಯಾಪಾರ ಬಿಟ್ಟು, ಸಣ್ಣ ಸಣ್ಣ ಅವಧಿಗೊಮ್ಮೆ ಬಂದ ಆರ್ಡರುಗಳನ್ನೆಲ್ಲ ಒಟ್ಟಿಗೆ ತೆರೆಯಿರಿ. ಆಗ ಪೈಪೋಟಿ ವೇಗದಿಂದ ಬೆಲೆಗೆ ತಿರುಗುತ್ತದೆ.

ಈ ಮಾತು ಕರ್ನಾಟಕದ ಎಪಿಎಂಸಿ ಪ್ರಾಂಗಣ ಕಂಡವರಿಗೆ ಹೊಸದೇನಲ್ಲ. 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯಡಿ ನಡೆಯುವ ಇ-ಟೆಂಡರಿನಲ್ಲಿ ಖರೀದಿದಾರರು ಒಂದೊಂದು ಲಾಟಿಗೂ ತಮ್ಮ ದರವನ್ನು ಗುಟ್ಟಾಗಿ ನಮೂದಿಸುತ್ತಾರೆ, ನಿಗದಿತ ಹೊತ್ತಿಗೆ ಎಲ್ಲವೂ ಒಟ್ಟಿಗೆ ತೆರೆಯುತ್ತವೆ. ಒಂದು ಮಿಲಿಸೆಕೆಂಡ್ ಮುಂಚೆ ಬಂದು ಗೆಲ್ಲುವುದು ಅಲ್ಲಿ ಏನೂ ಇಲ್ಲ. ದರ ಒಪ್ಪದಿದ್ದರೆ ರೈತ ಬೇಡವೆನ್ನಬಹುದು. ಇಷ್ಟರಿಂದಲೇ ನ್ಯಾಯದ ಬೆಲೆ ಖಾತರಿಯಾಗದು: 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೇ ತಿರುಗಿತು. ಆದರೆ ಆ ಸಿಟ್ಟಿಗೆ ಒಂದು ವಿಳಾಸವಿತ್ತು. ನಿಯಮ ಬರೆದ ಸರ್ಕಾರ, ಹರಾಜು ನಡೆಸಿದ ಸಮಿತಿ, ದರ ಬರೆದ ವರ್ತಕ, ಎಲ್ಲರೂ ಗೊತ್ತಿದ್ದವರೇ.

ನನ್ನ ವಾದದ ಸಾರ ಇಷ್ಟು. ಸರದಿಯ ನಿಯಮ ಕೇಬಲ್ಲಿನಲ್ಲಿ, ಸರ್ವರಿನಲ್ಲಿ, ಸಾಫ್ಟ್‌ವೇರಿನಲ್ಲಿ ಅಡಗಿದಷ್ಟೂ ಅದು ಪ್ರಕೃತಿ ನಿಯಮದಂತೆ ಕಾಣತೊಡಗುತ್ತದೆ. ಅದನ್ನು ಮತ್ತೆ ಮನುಷ್ಯರ ತೀರ್ಮಾನವಾಗಿ ಓದಿ ತೋರಿಸುವುದು ಸಮಾಜಶಾಸ್ತ್ರದ ಕೆಲಸ. ಷೇರು ಆ್ಯಪ್‌ಗಳ ದೊಡ್ಡ ಕಂಪನಿಗಳೂ ಜಾಹೀರಾತು ತಂತ್ರಾಂಶ ಬರೆಯುವ ಸಂಸ್ಥೆಗಳೂ ಬೆಂಗಳೂರಿನಲ್ಲೇ ಇವೆ. ಅವುಗಳೊಳಗೆ ಹೋಗಿ ಎಂಜಿನಿಯರುಗಳನ್ನು ಮಾತಾಡಿಸುವ ಸಂಶೋಧನೆಗೆ ನಮ್ಮ ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರ ವಿಭಾಗಗಳು ಮುಂದಾಗಬೇಕು. ವಿದ್ಯಾರ್ಥಿಗಳು ಅಲ್ಲಿ ಕೇಳಬೇಕಾದ್ದು ಮೂರು: ಮಾಹಿತಿ ಯಾರಿಗೆ ಮೊದಲು ತಲುಪುತ್ತದೆ, ಆ ಕ್ರಮವನ್ನು ಬದಲಿಸುವ ಅಧಿಕಾರ ಯಾರದು, ಬದಲಿಸಿದಾಗ ಯಾರಿಗೆ ಹೇಳಬೇಕು.