ಸೂಜಿಯ ತುದಿಯಲ್ಲಿ ಶಾಖ

ಮೈಕ್ರೋವೇವ್ ಒಲೆಯ ಅಲೆ ಸೆಕೆಂಡಿಗೆ 245 ಕೋಟಿ ಬಾರಿ ಕಂಪಿಸಿ, ಅನ್ನದಲ್ಲಿರುವ ನೀರಿನ ಅಣುಗಳನ್ನು ಅತ್ತಿತ್ತ ಹೊರಳಿಸುತ್ತದೆ. ಆ ತಿಕ್ಕಾಟವೇ ಶಾಖ. ಅಂಥದೇ ಅಲೆಯನ್ನು ಯಕೃತ್ತಿನ ಕ್ಯಾನ್ಸರ್ ಗೆಡ್ಡೆಯೊಳಗೆ ಹೊಮ್ಮಿಸಲು ವೈದ್ಯರು ಸ್ಕ್ಯಾನ್ ನೋಡುತ್ತ ಸೂಜಿಯಂಥ ಆಂಟೆನಾವನ್ನು ಚರ್ಮದ ಮೂಲಕ ಇಳಿಸುತ್ತಾರೆ. ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕೋಶ ಸಾಯುತ್ತದೆ. ಹೊಟ್ಟೆ ಕೊಯ್ಯಬೇಕಾಗಿಲ್ಲ.

ಆದರೆ ಕಾದ ಕಬ್ಬಿಣವನ್ನು ಹರಿಯುವ ಕಾಲುವೆಗೆ ಹಿಡಿದರೆ ಏನಾದೀತೆಂದು ಹರಿಹರದ ಬಳಿಯ ಭಾನುವಳ್ಳಿಯ ಮಕ್ಕಳಿಗೆ ಹೇಳಬೇಕೆ? ಗೆಡ್ಡೆಯ ಪಕ್ಕ ದೊಡ್ಡ ರಕ್ತನಾಳವಿದ್ದರೂ ಹಾಗೆಯೇ. ಹರಿಯುವ ರಕ್ತ ಶಾಖವನ್ನು ಹೊತ್ತೊಯ್ಯುತ್ತದೆ. ಅಂಚಿನ ಕೋಶಗಳು ಬದುಕಿ ಉಳಿಯಬಹುದು.

ಗೆಡ್ಡೆ 3 ಸೆಂಟಿಮೀಟರಿನೊಳಗಿದ್ದರೆ ಫಲ ಹೆಚ್ಚು. ಅದಕ್ಕೇ ಸಿರೋಸಿಸ್ ಇರುವವರಿಗೆ 6 ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಲು ವೈದ್ಯರು ಹೇಳುವುದು. ಮನೆಯಲ್ಲಿ ಅಂಥವರಿದ್ದರೆ, ಹಿಂದಿನ ಸ್ಕ್ಯಾನ್ ಯಾವಾಗ ಆಯಿತೆಂದು ಇಂದೇ ಕೇಳಿ.